ಕಮಲಾಕ್ಷಿಯ ಭಾನುವಾರದ ಪರೀಕ್ಷೆ

“ಇವಳ ಕೈಲಿ ಡಿಗ್ರಿ ಮುಗಿಸೋಕೂ ಆಗಲ್ಲ, ಕಾದಂಬರಿ ಬರೆಯೋಕೂ ಆಗಲ್ಲ” ಎಂದವರು ನನ್ನ ಗಂಡನ ಅಣ್ಣ, ಶಿವಲಿಂಗಯ್ಯ ಭಾವನವರು. ಬೆನ್ನ ಹಿಂದೆ ಆಡಿದ ಮಾತಲ್ಲ. ಮದುವೆಯಾಗಿ ಕುವೈತಿಗೆ ಹೊರಟ ದಿನ ತಿಪಟೂರಿನ ಮನೆಯಲ್ಲಿ ನನ್ನ ಸೂಟ್‌ಕೇಸಿನೊಳಗೆ ಪಠ್ಯಪುಸ್ತಕಗಳೂ ಖಾಲಿ ನೋಟ್‌ಬುಕ್ಕುಗಳೂ ಇದ್ದದ್ದನ್ನು ಕಂಡು, ನನ್ನ ಎದುರಿಗೇ ಹೇಳಿದರು. “ಅದನ್ನೆಲ್ಲಾ ತೆಗೆದು ಎರಡು ಕೆ.ಜಿ. ಹುರುಳಿಕಾಳು ಹಾಕ್ಕೊ, ಅಲ್ಲಿ ಸಿಗುತ್ತೋ ಇಲ್ಲವೋ” ಎಂದು ಸಲಹೆಯನ್ನೂ ಕೊಟ್ಟರು.

ಅವರು ಹಾಗೆ ಹೇಳಿದ್ದರಲ್ಲಿ ಆಶ್ಚರ್ಯವಿರಲಿಲ್ಲ. ನಮ್ಮಪ್ಪ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ನಮ್ಮ ಮನೆ, ಗಂಡನ ಮನೆ ಎರಡನ್ನೂ ಸೇರಿಸಿ ಹುಡುಕಿದರೂ ಒಬ್ಬ ಪದವೀಧರ ಸಿಗುತ್ತಿರಲಿಲ್ಲ. ನಾನು ಪಿ.ಯು.ಸಿ. ಪಾಸಾದದ್ದೇ ನಮ್ಮ ಬೀದಿಯಲ್ಲಿ ಒಂದು ವಾರದ ಸುದ್ದಿ. ಈಗ ನಾಗರತ್ನ ಎಂಬ ನನ್ನ ಹೆಸರಿನ ಮುಂದೆ ಬಿ.ಎ. ಇದೆ, ಹಿಂದೆ ಹದಿನಾಲ್ಕು ಧಾರಾವಾಹಿ ಕಾದಂಬರಿಗಳಿವೆ. ಎರಡನ್ನೂ ಹೇಳಿಕೊಂಡು ತಿರುಗುತ್ತೇನೆ. ಅದರಲ್ಲಿ ನನಗೆ ಯಾವ ಸಂಕೋಚವೂ ಇಲ್ಲ.

ನಾನು ಬರೆಯುತ್ತಿದ್ದ ವಾರಪತ್ರಿಕೆ ಈಚೆಗೆ ಧಾರಾವಾಹಿಗಳನ್ನೇ ನಿಲ್ಲಿಸಿತು. ಹಾಗಾಗಿ ನಾನೂ ನಿವೃತ್ತಳಾದೆ. ಈ ಕೆಲಸಕ್ಕೆ ಹೊಸದಾಗಿ ಇಳಿದ ಹುಡುಗಿಯರು ಆಗಾಗ ಫೋನ್ ಮಾಡಿ, “ಮೇಡಂ, ಪಾತ್ರಗಳನ್ನ ಹೇಗೆ ಕ್ರಿಯೇಟ್ ಮಾಡ್ತೀರಿ?” ಎಂದು ಕೇಳುತ್ತಾರೆ. ಹುಟ್ಟಿಸುವುದು ಕಷ್ಟವಲ್ಲಮ್ಮ. ಹುಟ್ಟಿಸಿದ ಮೇಲೆ ಎರಡು ಕೋಣೆಯ ಫ್ಲ್ಯಾಟಿನಲ್ಲಿ, ಗಂಡ, ಅತ್ತೆ ಇವರ ಜೊತೆಗೆ ಅವರನ್ನೂ ಇಟ್ಟುಕೊಂಡು ಒಂದು ವರ್ಷ ಬಾಳುವುದು ಕಷ್ಟ. ಅದನ್ನು ಯಾವ ಕಮ್ಮಟದಲ್ಲೂ ಹೇಳಿಕೊಡುವುದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಎಚ್ಚರಿಕೆ. ಬರೆಯುವವಳು ಎಂದು ಗೊತ್ತಾದ ಮೇಲೆ ಊರಿನವರೆಲ್ಲ ನಿಮ್ಮ ಪಾತ್ರಗಳಲ್ಲಿ ತಮ್ಮನ್ನು ಹುಡುಕುತ್ತಾರೆ. ಕುವೈತಿನಂಥ ಕಡೆ ಕನ್ನಡದವರು ಎಷ್ಟು ಮಂದಿ? ಎಲ್ಲರೂ ಎಲ್ಲರಿಗೂ ಗೊತ್ತು. ನನ್ನ ಎರಡನೇ ಕಾದಂಬರಿಯಲ್ಲಿ ನೆಂಟರು ತಿನ್ನುವ ಚಪಾತಿಯನ್ನು ಕಣ್ಣಲ್ಲೇ ಎಣಿಸುವ ಹೆಂಗಸೊಬ್ಬಳಿದ್ದಳು. ಸಾಲ್ಮಿಯಾದ ಎಂಜಿನಿಯರೊಬ್ಬರ ಹೆಂಡತಿ ಅದು ತಾನೇ ಎಂದುಕೊಂಡು ಎರಡು ಯುಗಾದಿ ನನ್ನ ಜೊತೆ ಮಾತು ಬಿಟ್ಟರು. ನಿಜ ಹೇಳುತ್ತೇನೆ, ಆ ಹೆಂಗಸು ನಾನೇ. ಇನ್ನು ನಾನು ಅಕ್ಷರ ಬಿಡದೆ ನಕಲು ಮಾಡಿದ್ದು ಭಾವನವರನ್ನು. ಮೂರು ಕಾದಂಬರಿಗಳಲ್ಲಿ ಮೂರು ಹೆಸರಿನಿಂದ ತಂದೆ. ಮೂರನ್ನೂ ಓದಿ, “ಎಂಥಾ ಮನುಷ್ಯನಮ್ಮ ಇವನು, ಇಂಥವರು ನಿಜವಾಗ್ಲೂ ಇರ್ತಾರಾ?” ಎಂದು ನನ್ನನ್ನೇ ಕೇಳಿದರು.

ಆಗ ನನ್ನ ಹಗಲಿನ ಕೆಲಸ ಖೈತಾನಿನ ಒಂದು ಭಾರತೀಯ ಶಾಲೆಯ ಗ್ರಂಥಾಲಯದಲ್ಲಿ, ಸಹಾಯಕಿಯಾಗಿ. ಶುಕ್ರವಾರ, ಶನಿವಾರ ರಜೆ. ಭಾನುವಾರ ಬೆಳಿಗ್ಗೆ ಮತ್ತೆ ಗಂಟೆ ಹೊಡೆಯುತ್ತಿತ್ತು. ನಾನು ಬರೆಯುತ್ತಿದ್ದದ್ದು ಶುಕ್ರವಾರ ಬೆಳಿಗ್ಗೆ. ಕೈಬರಹದ ಹಾಳೆಗಳನ್ನು ನಮ್ಮ ಕಟ್ಟಡದ ಕೆಳಗಿನ ಹಮೀದ್ ಭಾಯಿಯ ಟೈಪಿಂಗ್ ಅಂಗಡಿಗೆ ಕೊಟ್ಟರೆ, ಅವರು ಸ್ಕ್ಯಾನ್ ಮಾಡಿ ಬೆಂಗಳೂರಿಗೆ ಮೇಲ್ ಮಾಡುತ್ತಿದ್ದರು. ಅಂಗಡಿ ಇದ್ದದ್ದು ಇಕಾಮಾ ಎಂಬ ಅಲ್ಲಿನ ವಾಸದ ಪರವಾನಗಿ, ವೀಸಾ ಇವುಗಳ ಅರ್ಜಿಗಳಿಗೆ. ಆದರೆ ಬಂಟ್ವಾಳದ ಕಡೆಯ ಹಮೀದ್ ಭಾಯಿ ನನ್ನ ಹಾಳೆ ಓದಿ ಮುಗಿಸುವವರೆಗೆ ಅರ್ಜಿಯವರು ಕಾಯಬೇಕಿತ್ತು.

ಕೊನೆಕೊನೆಗೆ ಮೊಬೈಲಿಗೆ ಬಾಯಲ್ಲಿ ಹೇಳಿದರೆ ಅದೇ ಬರೆದುಕೊಳ್ಳುವ ಪದ್ಧತಿ ಬಂತು. ಹೊಸಬರು ಅದನ್ನು ಬಳಸುವಾಗ ಬಾಗಿಲು ಹಾಕಿಕೊಳ್ಳಿ. ನನ್ನ ಹದಿಮೂರನೇ ಕಾದಂಬರಿಯ ಒಂದು ದುಃಖದ ಕಂತು, “ಅವಳು ಕಣ್ಣೀರು ಒರೆಸಿಕೊಂಡು ಆಕಾಶ ನೋಡಿದಳು ಸಾರು ಉಕ್ತಾ ಇದೆ ನೋಡೇ” ಎಂದು ಅತ್ತೆಯ ಧ್ವನಿಯ ಸಮೇತ ಅಚ್ಚಾಗಿದೆ. ಒಬ್ಬ ಓದುಗರು ಅದನ್ನು ಹೊಸ ತಂತ್ರ ಎಂದು ಮೆಚ್ಚಿ ಪತ್ರ ಬರೆದಿದ್ದರು.

ಆದರೆ ನಾನು ಹೇಳಬೇಕೆಂದಿರುವುದು ಐದನೇ ಕಾದಂಬರಿಯ ಕಮಲಾಕ್ಷಿಯ ವಿಷಯ.

ಕಮಲಾಕ್ಷಿ ತುಮಕೂರಿನ ಒಂದು ಟೈಲರ್ ಅಂಗಡಿಯಲ್ಲಿ ಕಾಜಾ ಹಾಕುವ ಕೆಲಸದವಳು. ನನ್ನ ವಯಸ್ಸಿನವಳೇ. ನನಗಿಂತ ತೆಳ್ಳಗೆ, ನನಗಿಂತ ಧೈರ್ಯವಂತೆ. ಅಷ್ಟಾದರೂ ಅನುಕೂಲ ಮಾಡಿಕೊಳ್ಳದಿದ್ದರೆ ಕಾದಂಬರಿಕಾರ್ತಿಯಾಗಿ ಏನು ಬಂತು? ಅವಳೂ ನನ್ನ ಹಾಗೇ ಅಂಚೆ ಮೂಲಕ ಬಿ.ಎ. ಓದುತ್ತಿದ್ದಳು. ಅಷ್ಟು ಹೊತ್ತಿಗೆ ನಾನು ಬಿದ್ದು ಎದ್ದು ಉಳಿದ ಎಲ್ಲ ವಿಷಯ ಪಾಸು ಮಾಡಿದ್ದೆ. ಉಳಿದದ್ದು ಒಂದೇ, ಅಂತಿಮ ವರ್ಷದ ಅರ್ಥಶಾಸ್ತ್ರ. ನನ್ನ ನೋಂದಣಿಗೆ ಇದ್ದದ್ದು ಆ ವರ್ಷ ಮತ್ತು ಮುಂದಿನ ವರ್ಷ, ಎರಡೇ ಅವಕಾಶ. ಎರಡೂ ತಪ್ಪಿದರೆ ಮತ್ತೆ ಮೊದಲನೇ ವರ್ಷದಿಂದ ಶುರು. ಅಷ್ಟು ಚೈತನ್ಯ ನನ್ನಲ್ಲಿ ಉಳಿದಿರಲಿಲ್ಲ.

ಪರೀಕ್ಷೆ ಬೇಸಿಗೆ ರಜೆಯಲ್ಲಿ, ತಿಪಟೂರಿನಲ್ಲಿ. ಊರಿಗೆ ಹೊರಡುವ ಮೊದಲು ಆರು ವಾರದ ಕಂತುಗಳನ್ನು ಬರೆದು ಹಮೀದ್ ಭಾಯಿಗೆ ಕೊಟ್ಟೆ. ಅವುಗಳಲ್ಲಿ ಕಮಲಾಕ್ಷಿಯ ಪರೀಕ್ಷೆಯೂ ಬರುತ್ತಿತ್ತು. ನಾನು ಅಚ್ಚುಕಟ್ಟಿನವಳು. ನೋಟ್‌ಬುಕ್ಕಿನ ಎಡಪುಟದಲ್ಲಿ ನನ್ನ ವೇಳಾಪಟ್ಟಿ ಬರೆದುಕೊಂಡೆ, ಬಲಪುಟದಲ್ಲಿ ಅವಳದು. ಅವಳ ದಿನಗಳನ್ನು ಫ್ರಿಜ್ಜಿನ ಮೇಲಿದ್ದ ಬಕಾಲಾದವರ, ಅಂದರೆ ಅಲ್ಲಿನ ಕಿರಾಣಿ ಅಂಗಡಿಯವರ, ಕ್ಯಾಲೆಂಡರ್ ನೋಡಿ ಗೊತ್ತು ಮಾಡಿದೆ. ಅದರಲ್ಲಿ ಶುಕ್ರವಾರ ಕೆಂಪು, ಭಾನುವಾರ ಕಪ್ಪು. ಅರ್ಥಶಾಸ್ತ್ರದ ಪತ್ರಿಕೆಯನ್ನು ವಾರದ ಮೊದಲ ದಿನ ಹೊಸ ಹುರುಪಿನಲ್ಲಿ ಬರೆಯಲಿ ಎಂದು ಅವಳಿಗೆ ಭಾನುವಾರ ಕೊಟ್ಟೆ.

ಆ ಕಂತನ್ನು ನಮ್ಮ ಮನೆಯವರು ಓದಿದರು, “ಚೆನ್ನಾಗಿದೆ” ಎಂದರು. ಅವರು ಏಸಿ ಕಂಪನಿಯಲ್ಲಿ ಸೂಪರ್‌ವೈಸರ್, ಭಾನುವಾರ ಅವರಿಗೂ ಡ್ಯೂಟಿ. ಹಮೀದ್ ಭಾಯಿ ಓದಿದರು. “ಭಾನುವಾರ ಪರೀಕ್ಷೆ ಅಂತ ಶನಿವಾರ ಇಡೀ ಓದ್ತಾಳೆ, ಪಾಪ. ಭಾರೀ ಲಾಯ್ಕ ಉಂಟು ಮೇಡಂ” ಎಂದು ಕಳಿಸಿಯೇಬಿಟ್ಟರು. ಇಡೀ ಖೈತಾನಿನಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ.

ತಿಪಟೂರಿನಲ್ಲಿ ಭಾವನವರ ಮನೆಯಲ್ಲಿ ಇಳಿದುಕೊಂಡೆ. ಗುರುವಾರ ಸಂಜೆ ನೋಟ್‌ಬುಕ್ ತೆಗೆದು ನೋಡಿದೆ. ಅರ್ಥಶಾಸ್ತ್ರ, ಭಾನುವಾರ. ನಾನು ನೋಡಿದ್ದು ಬಲಪುಟ. ಸಂಶಯವೇ ಬರಲಿಲ್ಲ, ಏಕೆಂದರೆ ಮೈಗೆ ಎಷ್ಟೋ ವರ್ಷಗಳಿಂದ ಅದೇ ಅಭ್ಯಾಸ. ಶುಕ್ರವಾರ ರಜೆ ಎಂದು ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿದೆ, ಎಲ್ಲರಿಗೂ ಹೋಳಿಗೆ ಮಾಡಿ ಬಡಿಸಿದೆ. ಭಾವನವರು ನಾಲ್ಕನೆಯದನ್ನು ಮುರಿಯುತ್ತಾ, “ಓದೋದು ಬಿಟ್ಟರೆ ಎಲ್ಲಾ ಚೆನ್ನಾಗಿ ಮಾಡ್ತೀಯ ನೋಡು” ಎಂದರು. ಶನಿವಾರ ಇಡೀ ಓದಿದೆ. ಭಾನುವಾರ ಬೆಳಿಗ್ಗೆ ಎರಡು ಪೆನ್ನು, ಸ್ಕೇಲು, ಹಾಲ್ ಟಿಕೆಟ್ ಹಿಡಿದು ಕಾಲೇಜಿಗೆ ಹೋದೆ.

ಗೇಟಿಗೆ ಬೀಗ. ವಾಚ್‌ಮನ್ ಒಳಗಡೆ ಬಟ್ಟೆ ಒಗೆಯುತ್ತಿದ್ದ.

“ಗೇಟ್ ತೆಗೀರಿ, ಪರೀಕ್ಷೆಗೆ ಹೊತ್ತಾಯ್ತು.”

“ಯಾವ ಪರೀಕ್ಷೆ ತಾಯಿ?”

“ಅರ್ಥಶಾಸ್ತ್ರ.”

“ಇವತ್ತು ಭಾನುವಾರ ಕಣಮ್ಮ.”

“ಅದೇ ಮತ್ತೆ, ಭಾನುವಾರ. ವಾರ ಶುರುವಾಗಿದೆ, ನೀವಿನ್ನೂ ಗೇಟ್ ತೆಗೆದಿಲ್ಲ!”

ಅವನು ಸೋಪಿನ ಕೈ ಒರೆಸಿಕೊಂಡು ಹತ್ತಿರ ಬಂದ. ನನ್ನ ಮುಖ ನೋಡಿದ. ಆಮೇಲೆ ಬಹಳ ಮೆತ್ತಗೆ, “ಎಲ್ಲಿಂದ ಬಂದ್ರಿ?” ಎಂದು ಕೇಳಿದ. ಕುವೈತ್ ಎಂದೆ. “ಅಲ್ಲಿ ಯಾರಾದ್ರೂ ಜೊತೇಲಿ ಇದ್ದಾರಾ?” ಎಂದ. ಆಗ ನಾನು ಹಾಲ್ ಟಿಕೆಟ್ ಬಿಡಿಸಿ ಸಣ್ಣ ಅಕ್ಷರ ಓದಿದೆ. ನನ್ನ ಪರೀಕ್ಷೆ ಶುಕ್ರವಾರ ಆಗಿಹೋಗಿತ್ತು. ಅತ್ತ ಅವರು ಪ್ರಶ್ನೆಪತ್ರಿಕೆ ಹಂಚುತ್ತಿದ್ದಾಗ ಇತ್ತ ನಾನು ಹೂರಣ ರುಬ್ಬುತ್ತಿದ್ದೆ.

ಕಾದಂಬರಿಕಾರರು ತಮ್ಮ ಪಾತ್ರಗಳಲ್ಲಿ ಮುಳುಗಿಹೋಗುತ್ತಾರೆ ಎಂದು ಭಾಷಣಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ತನ್ನ ಪಾತ್ರದ ಪರೀಕ್ಷೆಗೆ ತಾನೇ ಹಾಲ್ ಟಿಕೆಟ್ ಹಿಡಿದು ಹೋದವಳು ನಾನೊಬ್ಬಳೇ ಇರಬೇಕು.

ಖೈತಾನಿಗೆ ವಾಪಸು ಬಂದೆ. ಮನೆಯವರು ನಗಲಿಲ್ಲ. ಅದು ಅವರ ದೊಡ್ಡತನ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಕ್ಕರೆಂದು ಅತ್ತೆ ಆಮೇಲೆ ಹೇಳಿದರು. ಅದೇ ವಾರ ಪತ್ರಿಕೆಯಲ್ಲಿ ಕಮಲಾಕ್ಷಿ ಭಾನುವಾರ ಅರ್ಥಶಾಸ್ತ್ರದ ಪರೀಕ್ಷೆ ಬರೆದು, “ಎಲ್ಲಾ ಪ್ರಶ್ನೆಗೂ ಉತ್ತರ ಬರೆದೆ” ಎಂದು ಹೂ ಮುಡಿದುಕೊಂಡು ಮನೆಗೆ ಹೋದಳು. ಆ ಸಾಲು ಓದಿದಾಗ ನನಗೆ ಬಂದ ಸಿಟ್ಟು ಜೀವ ಇರುವ ಯಾರ ಮೇಲೂ ಬಂದಿಲ್ಲ.

ಒಂದು ವಾರಕ್ಕೆ ಸಂಪಾದಕರ ಫೋನು. ಗಟ್ಟಿಯಾಗಿ ಮಾತಾಡಿದವರಲ್ಲ, ಮೆತ್ತಗೆ ಕೊಯ್ಯುವವರು.

“ನಾಗರತ್ನಮ್ಮ, ನಿಮ್ಮ ಕಮಲಾಕ್ಷಿ ಭಾನುವಾರ ಪರೀಕ್ಷೆ ಬರೆದಿದ್ದಾಳೆ.”

“ಹೌದು ಸಾರ್. ಚೆನ್ನಾಗಿ ಬರೆದಳು.”

“ಕಾಲೇಜಿನ ಗೇಟ್ ಯಾರು ತೆಗೆದ್ರು?”

ನನಗೆ ವಾಚ್‌ಮನ್‌ನ ಸೋಪಿನ ಕೈ ಕಣ್ಣ ಮುಂದೆ ಬಂತು.

“ಓದುಗರ ಪತ್ರ ಒಂದು ಚೀಲ ಬಂದಿದೆ” ಎಂದರು. “ಇಷ್ಟು ವರ್ಷ ನಿಮ್ಮ ಶುಕ್ರವಾರಗಳನ್ನೆಲ್ಲ ನಾನೇ ಸದ್ದಿಲ್ಲದೆ ತಿದ್ದುತ್ತಿದ್ದೆ. ಹೋದ ಕಾದಂಬರಿಯಲ್ಲಿ ಚಿಕ್ಕನಾಯಕನಹಳ್ಳಿ ಪೋಸ್ಟಾಫೀಸು ಶುಕ್ರವಾರ ಮುಚ್ಚಿತ್ತು, ತೆಗೆಸಿದೆ. ಅದರ ಹಿಂದಿನದರಲ್ಲಿ ಬ್ಯಾಂಕ್ ಮ್ಯಾನೇಜರು ಭಾನುವಾರ ಸಾಲ ಮಂಜೂರು ಮಾಡಿದ್ರು, ಸೋಮವಾರಕ್ಕೆ ಹಾಕಿದೆ. ಈ ಸಲ ಮಗಳ ಮದುವೆ ಅಂತ ಹದಿನೈದು ದಿನ ರಜ ಹಾಕಿದ್ದಕ್ಕೆ ಹೀಗಾಯ್ತು.”

ತಲೆ ಎತ್ತಿ ಬರೆದ ನಾಲ್ಕು ಕಾದಂಬರಿಗಳ ಕೆಳಗೆ ಅವರ ಕೈ ಇತ್ತೆಂದು ಅವತ್ತು ಗೊತ್ತಾಯಿತು. ಹೊಸಬರಿಗೆ ಹೇಳುತ್ತೇನೆ, ನಿಮ್ಮನ್ನು ಹೊಗಳುವ ಸಂಪಾದಕರು ಬೇಕಾದಷ್ಟು ಸಿಗುತ್ತಾರೆ. ವಾರ ತಿದ್ದುವವರು ಸಿಕ್ಕರೆ ಬಿಡಬೇಡಿ.

“ಅದು ಕನಸು ಅಂತ ಮಾಡಿಬಿಡಲಾ ಸಾರ್?”

“ಕನಸು ಅಂದ್ರೆ ನಾನು ಕೆಲಸ ಬಿಡ್ತೀನಿ. ಕಥೆಯೊಳಗೇ ಸರಿ ಮಾಡಿ.”

ಸರಿ ಮಾಡಲು ಸಾಧುವಾದ ದಾರಿಗಳು ನಾಲ್ಕಾರು ಇದ್ದವು. ನಾನು ಹಿಡಿದದ್ದು ಸಾಧುವಾದ ದಾರಿಯಲ್ಲ. ಮುಂದಿನ ಕಂತಿನಲ್ಲಿ ವಿಶ್ವವಿದ್ಯಾಲಯದಿಂದ ಕಮಲಾಕ್ಷಿಗೆ ಒಂದು ಕಾಗದ ಬಂತು: ಸಾರ್ವಜನಿಕ ರಜಾದಿನದಂದು ನಡೆಸಿದ ಪರೀಕ್ಷೆ ಅಸಿಂಧು, ಮುಂದಿನ ವರ್ಷ ಮತ್ತೆ ಬರೆಯತಕ್ಕದ್ದು. ಓದುಗರ ಬಾಯಿಯೂ ಮುಚ್ಚಿತು, ಅವಳ ಹೂವೂ ಬಾಡಿತು. ಬರೆದು ಮುಗಿಸಿ ಎರಡು ಲೋಟ ಕಾಫಿ ಕುಡಿದೆ.

ಅತ್ತೆಗೆ ಓದು ಬರಹ ಇರಲಿಲ್ಲ. ಪ್ರತಿ ಕಂತನ್ನೂ ನಾನೇ ಓದಿ ಹೇಳಬೇಕಿತ್ತು. ಅವರು ಕಮಲಾಕ್ಷಿಯ ಬಗ್ಗೆ ಮಾತಾಡುವುದನ್ನು ಕೇಳಿದವರು ಅವಳು ಪಕ್ಕದ ಫರ್ವಾನಿಯಾದಲ್ಲಿ ಎಲ್ಲೋ ಬಾಡಿಗೆಗೆ ಇದ್ದಾಳೆ ಎಂದುಕೊಳ್ಳಬೇಕು. ಆ ಕಂತು ಕೇಳಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು.

“ಆ ಕಾಗದ ಯಾರು ಬರೆದದ್ದು?”

“ಯೂನಿವರ್ಸಿಟಿಯವರು, ಅತ್ತೆ.”

“ಯೂನಿವರ್ಸಿಟಿಯವರಲ್ಲ, ನೀನು. ನೀನು ಹೋಳಿಗೆ ಮಾಡ್ತಾ ಕೂತಿದ್ದಕ್ಕೆ ಆ ಹುಡುಗಿ ಏನು ಮಾಡಿದ್ಲೆ ರತ್ನ? ನಿನ್ನ ಪರೀಕ್ಷೆ ಹೋಯ್ತು ಅಂತ ಅವಳದ್ದನ್ನೂ ಕಿತ್ಕೊಂಡೆಯಲ್ಲ, ನಿನಗೆ ಅನ್ನ ಹೇಗೆ ಸೇರುತ್ತೆ?”

“ಅತ್ತೆ, ಅವಳು ನಿಜವಾದವಳಲ್ಲ.”

“ಹೊಟ್ಟೆಕಿಚ್ಚು ನಿಜವಾದದ್ದು ತಾನೇ?”

ನನ್ನ ಬರಹದ ಬಗ್ಗೆ ಎಷ್ಟೋ ವಿಮರ್ಶೆಗಳು ಬಂದಿವೆ. ಇಷ್ಟು ನೇರವಾದದ್ದು ಇನ್ನೊಂದಿಲ್ಲ. ಎರಡು ದಿನ ಅತ್ತೆ ನನಗೆ ಬರಿ ಅನ್ನ ಬಡಿಸಿ, ಸಾರನ್ನು ನಾನೇ ಹಾಕಿಕೊಳ್ಳಲು ಬಿಟ್ಟರು.

ಮೂರನೇ ದಿನ ಬುದ್ಧಿ ಬಂತು. ಕಮಲಾಕ್ಷಿ ಮುಂದಿನ ವರ್ಷ ಪರೀಕ್ಷೆ ಬರೆಯಬೇಕು, ನಾನೂ ಬರೆಯಬೇಕು. ಅವಳು ಓದುವುದನ್ನು ನಾನು ವಾರವಾರ ಬರೆಯಲೇಬೇಕು. ಬರೆಯಬೇಕಾದರೆ ಮೊದಲು ನನಗೆ ಅರ್ಥವಾಗಬೇಕು. ಅಲ್ಲಿಯವರೆಗೆ ನಾನು ಅರ್ಥಶಾಸ್ತ್ರವನ್ನು ಕಣ್ಣು ಮುಚ್ಚಿ ಬಾಯಿಪಾಠ ಮಾಡಿದವಳು. ಆದರೆ ಬಾಯಿಪಾಠದಲ್ಲಿ ಪಾತ್ರ ಮಾತಾಡುವುದಿಲ್ಲ. ಕಮಲಾಕ್ಷಿ ಟೈಲರ್ ಅಂಗಡಿಯ ಗೆಳತಿಗೆ ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’ ಹೇಳಿಕೊಡುವ ಕಂತನ್ನು ನಾಲ್ಕು ಸಲ ಹರಿದು ಹಾಕಿದೆ. ಐದನೇ ಸಲ ಅವಳು ಹೀಗೆಂದಳು: “ಉಪ್ಪಿಗೆ ಬೆಲೆ ಏರಿದ್ರೆ ಬೈಕೊಂಡು ತಗೋತೀವಿ, ಸೇಬಿಗೆ ಏರಿದ್ರೆ ನೋಡ್ಕೊಂಡು ಮುಂದೆ ಹೋಗ್ತೀವಿ. ಅಷ್ಟೇ ಕಣೆ.” ಬರೆದ ಮೇಲೆ ನಾನು ಪೆನ್ನು ಕೆಳಗಿಟ್ಟೆ. ಮೂರು ವರ್ಷ ಪುಸ್ತಕ ಹೇಳಿಯೂ ತಲೆಗೆ ಹೋಗದ್ದನ್ನು ನಾನೇ ಹುಟ್ಟಿಸಿದವಳು ಒಂದು ಸಾಲಿನಲ್ಲಿ ಹೇಳಿದ್ದಳು.

ಅತ್ತೆಗೆ ಓದಿದೆ. ಅವರು ಸ್ವಲ್ಪ ಯೋಚಿಸಿ, “ಹಂಗಾದ್ರೆ ಈ ಊರಲ್ಲಿ ಕಾಫಿಪುಡಿ ಉಪ್ಪಿನ ಕಡೆಯವರು, ನುಗ್ಗೇಕಾಯಿ ಸೇಬಿನ ಕಡೆಯವರು” ಎಂದರು. ಅಲ್ಲಿಂದ ಮುಂದೆ ಅದೇ ನನ್ನ ಪದ್ಧತಿಯಾಯಿತು. ನಾನು ಪಾಠ ಓದುವುದು, ಕಮಲಾಕ್ಷಿ ಹೇಳುವುದು, ಅತ್ತೆ ಒಪ್ಪುವುದು. ಅತ್ತೆ ಒಪ್ಪದ ಪಾಠವನ್ನು ನಾನೂ ಕಮಲಾಕ್ಷಿಯೂ ಮತ್ತೆ ಓದುತ್ತಿದ್ದೆವು.

ಸಂಪಾದಕರು ಕೆಲವು ವಾರ ಸಹಿಸಿದರು. ಆಮೇಲೆ ಫೋನ್ ಬಂತು. “ನಾಗರತ್ನಮ್ಮ, ಇದು ಕಾದಂಬರಿಯೋ ಗೈಡೋ?”

“ಪ್ರೇಮವೂ ಇದೆ ಸಾರ್, ಲೆಕ್ಚರರ್ ಬರ್ತಾರಲ್ಲ.”

“ಬರ್ತಾರೆ. ಬಂದು ಹಣದುಬ್ಬರ ಹೇಳಿ ಹೋಗ್ತಾರೆ.”

ಹಮೀದ್ ಭಾಯಿಗೂ ಅದೇ ಚಿಂತೆ. ಸ್ಕ್ಯಾನರ್ ಮುಚ್ಚಳ ಎತ್ತಿ ಹಿಡಿದುಕೊಂಡೇ, “ಆ ಲೆಕ್ಚರರಿಗೆ ಒಮ್ಮೆ ಬಾಯಿಬಿಟ್ಟು ಮಾತಾಡ್ಲಿಕ್ಕೆ ಬಿಡಿ ಮೇಡಂ. ಪಾಪ ಜನ, ಎಂಟು ವಾರ ಆಯ್ತು, ಬೋರ್ಡಿನ ಎದುರೇ ನಿಂತಿದ್ದಾರೆ” ಎಂದರು. ಹಿಂದೆ ಇಕಾಮಾ ಅರ್ಜಿ ಹಿಡಿದು ನಿಂತಿದ್ದವರೊಬ್ಬರು, “ಯಲ್ಲಾ ಭಾಯಿ, ಬೇಗ ಮಾಡಿ, ಅವರ ಮದುವೆ ಆಮೇಲೆ ಮಾಡ್ಸಿ, ನಂದು ಇವತ್ತೇ ಲಾಸ್ಟ್ ಡೇಟು” ಎಂದು ಗೋಳಾಡಿದರು. ಲೆಕ್ಚರರನ್ನು ಪರೀಕ್ಷೆ ಮುಗಿಯುವವರೆಗೆ ನಾನು ಬಾಯಿ ತೆಗೆಯಲು ಬಿಡಲಿಲ್ಲ. ಮದುವೆಯ ಮಾತು ಎತ್ತಿದರೆ ಕಮಲಾಕ್ಷಿಯ ಓದು ಹೋಗುತ್ತದೆ, ಅವಳದು ಹೋದರೆ ನನ್ನದೂ ಹೋಗುತ್ತದೆ.

ಮುಂದಿನ ಬೇಸಿಗೆಯಲ್ಲಿ ಪುನಃ ತಿಪಟೂರು. ಈ ಸಲ ನೋಟ್‌ಬುಕ್ಕನ್ನು ಖೈತಾನಿನಲ್ಲೇ ಬಿಟ್ಟು, ಬರಿ ಹಾಲ್ ಟಿಕೆಟ್ ಒಯ್ದೆ. ಪರೀಕ್ಷೆಯ ಹಿಂದಿನ ದಿನ ಮನೆಯವರು ಕುವೈತಿನಿಂದ ಮೂರು ಸಲ ಫೋನ್ ಮಾಡಿದರು. “ನಾಳೆ ಯಾವ ವಾರ ಹೇಳು.” “ಬುಧವಾರ ಕಣ್ರೀ.” “ನಿನಗಾ, ಅವಳಿಗಾ?” “ನನಗೇ ರೀ, ಫೋನ್ ಇಡಿ.”

ಪ್ರಶ್ನೆಪತ್ರಿಕೆ ಬಂತು. ಸ್ಥಿತಿಸ್ಥಾಪಕತ್ವ ಮೂರನೇ ಪ್ರಶ್ನೆ. ನನ್ನ ಕೈ ತಾನಾಗಿ ಓಡಿತು. ಉಪ್ಪು, ಸೇಬು, ಕಾಫಿಪುಡಿ, ನುಗ್ಗೇಕಾಯಿ ಎಲ್ಲ ಸಾಲಾಗಿ ಬಂದು ಕೂತವು. ಓಟದಲ್ಲಿ, “ಎಂದು ಕಮಲಾಕ್ಷಿ ದಾರ ಕಚ್ಚಿ ತುಂಡರಿಸಿದಳು” ಎಂದೂ ಬರೆದುಬಿಟ್ಟಿದ್ದೆ. ಅಡ್ಡಗೆರೆ ಎಳೆದು ಹೊಡೆದು ಹಾಕಿದೆ. ಮೌಲ್ಯಮಾಪಕರು ಅದನ್ನು ಓದಿರಬಹುದು. ಓದಿ ಏನಂದುಕೊಂಡರೋ, ಅಂಕವಂತೂ ಕೊಟ್ಟರು.

ಫಲಿತಾಂಶ ಬಂದಾಗ ನಾನು ಶಾಲೆಯ ಗ್ರಂಥಾಲಯದಲ್ಲಿದ್ದೆ. ಪಾಸು, ದ್ವಿತೀಯ ದರ್ಜೆ. ಕಪಾಟುಗಳ ನಡುವೆ ಕೂತು ಅತ್ತುಬಿಟ್ಟೆ. ಆರನೇ ತರಗತಿಯ ಹುಡುಗಿಯೊಬ್ಬಳು, “ಮ್ಯಾಮ್, ಆರ್ ಯೂ ಓಕೆ?” ಎಂದಳು. “ಐ ಆಮ್ ಬಿ.ಎ.” ಎಂದೆ. ಅವಳು ಓಡಿಹೋಗಿ ನರ್ಸನ್ನು ಕರೆದುಕೊಂಡು ಬಂದಳು.

ಆ ಹೊತ್ತಿಗೆ ಸಂಪಾದಕರೂ ಕಾದಂಬರಿ ಮುಗಿಸಿ ಎಂದು ದುಂಬಾಲು ಬಿದ್ದಿದ್ದರು. ಮುಂದಿನ ಧಾರಾವಾಹಿಯ ಜಾಹೀರಾತು ಹೋಗಿಬಿಟ್ಟಿತ್ತು. ಕೊನೆಯ ಕಂತಿನಲ್ಲಿ ಟೈಲರ್ ಅಂಗಡಿಗೆ ಸುದ್ದಿ ಬರುತ್ತದೆ, ಕಮಲಾಕ್ಷಿ ಪಾಸು. ಅವಳಿಗೆ ಪ್ರಥಮ ದರ್ಜೆ ಕೊಟ್ಟೆ. ಲೆಕ್ಚರರ್ ಕಡೆಗೂ ಬಾಯಿ ತೆಗೆದರು. ಹೊಲಿಗೆ ಯಂತ್ರದ ಸದ್ದಿನಲ್ಲಿ ಅವರು ಏನೆಂದರೋ ಕೇಳಿಸಲಿಲ್ಲ ಎಂದು ಬರೆದು ಮುಗಿಸಿದೆ. ಹಮೀದ್ ಭಾಯಿ ಒಂದು ವಾರ ನನಗೆ ಸಲಾಂ ಹೇಳಲಿಲ್ಲ.

ನನ್ನ ಪ್ರಮಾಣಪತ್ರ ಬರುವುದಕ್ಕೆ ಮತ್ತೂ ಕೆಲವು ತಿಂಗಳು ಹಿಡಿಯಿತು. ಭಾವನವರು ನನ್ನ ಪರವಾಗಿ ಹೋಗಿ ಪಡೆದುಕೊಂಡರು. ಅಂಚೆಯನ್ನು ನಂಬದೆ, ಊರಿನಿಂದ ಯಾವ ಸಾಮಾನು ಬರಬೇಕಾದರೂ ಮಾಡುವಂತೆ, ರಜೆ ಮುಗಿಸಿ ಕುವೈತಿಗೆ ಬರುವವರ ಕೈಯಲ್ಲಿ ಕಳಿಸಿದರು. ಫರ್ವಾನಿಯಾದಲ್ಲಿದ್ದ ನಮ್ಮ ಕಡೆಯ ನರ್ಸ್ ಒಬ್ಬರು ಒಂದು ಶನಿವಾರ ಸಂಜೆ ಮನೆಗೇ ಬಂದು ಚೀಲ ಬಿಚ್ಚಿದರು. ಮಡಿಕೆ ಬೀಳದಿರಲಿ ಎಂದು ಎರಡು ಹಪ್ಪಳದ ಕಟ್ಟುಗಳ ನಡುವೆ ರಟ್ಟು ಕೊಟ್ಟು ಇಟ್ಟಿದ್ದರು. “ತಗೊಳ್ಳಿ ನಾಗರತ್ನಮ್ಮ, ನಿಮ್ಮ ಡಿಗ್ರಿ” ಎಂದು ಎರಡೂ ಕೈಯಿಂದ ಕೊಟ್ಟರು. ಇಂಗಿನ ವಾಸನೆ ಬರುತ್ತಿತ್ತು. ನನ್ನ ಹೆಸರು ಸರಿಯಾಗಿತ್ತು, ಅಪ್ಪನ ಹೆಸರು ಸರಿಯಾಗಿತ್ತು. ಮನೆಯವರು ಅದನ್ನು ಏಸಿಯ ಗಾಳಿಗೆ ಹಾರದ ಹಾಗೆ ಟೀಪಾಯಿಯ ಮೇಲೆ ಹಿಡಿದುಕೊಂಡು ನಾಲ್ಕು ಕಡೆಯಿಂದ ಫೋಟೋ ತೆಗೆದರು.

ಅತ್ತೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದು ಕೂತರು. ಮೊಹರಿನ ಮೇಲೆ ಬೆರಳಾಡಿಸಿದರು. ನನ್ನ ತಲೆ ಸವರಿದರು. ಆಮೇಲೆ ನರ್ಸಮ್ಮನ ಖಾಲಿಯಾದ ಚೀಲದ ಕಡೆ ಒಮ್ಮೆ ಬಗ್ಗಿ ನೋಡಿದರು.

“ನಿಂದು ಬಂತು, ಒಳ್ಳೇದಾಯ್ತು ಕಣೆ” ಎಂದರು. “ಆ ಹುಡುಗೀದು ಯಾರ ಕೈಲಿ ಕಳಿಸ್ತಾರಂತೆ?”